ಅಪ್ಪನ ಪ್ರೊಸ್ಟೇಟ್ ಆಪರೇಷನ್: ರೋಬೋಟ್‌ಗೆ ಒಂದೂವರೆ ಲಕ್ಷ ಜಾಸ್ತಿ ಕೊಡಬೇಕಾ?

ಆಲೂರು ಹುಡುಗ
ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನಿಗೆ 67. ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗುತ್ತಿದ್ದರು, ವಯಸ್ಸಾಯ್ತಲ್ಲ ಅಂತ ನಾವೂ ಸುಮ್ಮನಿದ್ದೆವು. ಹಾಸನದಲ್ಲಿ ಒಂದು ಫ್ರೀ ಕ್ಯಾಂಪ್‌ನಲ್ಲಿ ಪಿಎಸ್‌ಎ ಅಂತ ಪ್ರೊಸ್ಟೇಟ್‌ನ ರಕ್ತ ಟೆಸ್ಟ್ ಮಾಡಿಸಿದಾಗ ಜಾಸ್ತಿ ಬಂತು. ಆಮೇಲೆ ಎಂಆರ್‌ಐ, ಬಯಾಪ್ಸಿ, ಇನ್ನೊಂದು ಸ್ಕ್ಯಾನ್ ಅಂತ ಒಂದೂವರೆ ತಿಂಗಳು ಅದರಲ್ಲೇ ಹೋಯಿತು. ಪ್ರೊಸ್ಟೇಟ್ ಕ್ಯಾನ್ಸರ್, ಮೂತ್ರಚೀಲದ ಕೆಳಗಿರುವ ಗ್ರಂಥಿಯದು. ಹೊರಗೆ ಹರಡಿಲ್ಲ, ಆಪರೇಷನ್ ಮಾಡಿ ತೆಗೆಯಬಹುದು ಅಂದಿದ್ದಾರೆ. ಅಷ್ಟು ಪುಣ್ಯ.

ಈಗ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಸ್ಟಿಮೇಟ್ ಕೊಟ್ಟರು. ಒಂದೇ ಹಾಳೆ, ಎರಡು ಸಾಲು. ಓಪನ್ (ಹೊಟ್ಟೆ ಕೊಯ್ದು ಮಾಡುವುದು) ಆದರೆ 2,90,000. ರೋಬೋಟಿಕ್ ಆದರೆ 4,40,000. ಕೌಂಟರ್‌ನಲ್ಲಿದ್ದ ಹುಡುಗಿ ಎರಡನೇ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿ "ಸರ್, ಎಲ್ಲರೂ ಇದನ್ನೇ ಮಾಡಿಸೋದು, ರೋಬೋಟ್ ಆದ್ರೆ ತಪ್ಪೇ ಆಗಲ್ಲ" ಅಂದಳು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ "ಈಗ ಮನುಷ್ಯರು ಮಾಡಲ್ವೇನೋ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶುಂಠಿಯಲ್ಲಿ ಈ ಸಲ ಹಾಕಿದ ದುಡ್ಡೂ ಬಂದಿಲ್ಲ. ಒಂದೂವರೆ ಲಕ್ಷ ನಮಗೆ ಸಣ್ಣದಲ್ಲ. ಹಾಗಂತ ದುಡ್ಡಿನ ಮುಖ ನೋಡಿ ಅಪ್ಪನಿಗೆ ಹೆಚ್ಚುಕಮ್ಮಿ ಆದರೆ ಜೀವನಪೂರ್ತಿ ಕೊರಗಬೇಕು. ಗೊತ್ತಿರುವವರು ಹೇಳಿ.

ಹೊಳೆನರಸೀಪುರ ಲೋಕಲ್
ರೋಬೋಟ್‌ಗೆ ಮಧ್ಯದಲ್ಲಿ ಕಾಫಿ ಬೇಡ, ಮೊಬೈಲೂ ನೋಡಲ್ಲ. ಮಾಡಿಸಿಬಿಡಿ ಅಣ್ಣ. ತಮಾಷೆಗೆ ಅಂದೆ. ಅಪ್ಪ ಬೇಗ ಹುಷಾರಾಗಲಿ.

ಥಿಯೇಟರ್ ಸಿಸ್ಟರ್
ನನ್ನ ಊರು ಚಿಕ್ಕಮಗಳೂರು, ಕೆಲಸ ಬೆಂಗಳೂರಿನಲ್ಲಿ, ರೋಬೋಟ್ ಇರುವ ಆಪರೇಷನ್ ಥಿಯೇಟರ್‌ನಲ್ಲೇ ಐದು ವರ್ಷದಿಂದ ಇದ್ದೇನೆ. ಮೊದಲು ಒಂದು ಮಾತು. "ತಪ್ಪೇ ಆಗಲ್ಲ" ಅಂತ ಹೇಳಿದವರು ಒಂದು ದಿನವೂ ಒಳಗೆ ಬಂದು ನೋಡಿರಲಿಕ್ಕಿಲ್ಲ.

ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ ಬ್ರದರ್. ಬೆಳಿಗ್ಗೆ ನಾವು ಹೋಗಿ ಅದರ ನಾಲ್ಕೂ ಕೈಗೆ ಸ್ಟೆರೈಲ್ ಪ್ಲಾಸ್ಟಿಕ್ ಚೀಲ ತೊಡಿಸುತ್ತೇವೆ. ಪೇಷಂಟ್‌ಗೆ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಗಾಳಿ ತುಂಬಿ (ಕಾರ್ಬನ್ ಡೈಆಕ್ಸೈಡ್), ಐದಾರು ಸಣ್ಣ ತೂತು ಮಾಡಿ, ಅದರಲ್ಲಿ ನಾಲ್ಕು ತೂತಿನ ಕೊಳವೆಗೆ ಒಂದೊಂದು ಕೈ ಸೇರಿಸುತ್ತೇವೆ. ಡಾಕ್ಟರು ಅದೇ ರೂಮಿನ ಮೂಲೆಯಲ್ಲಿ ಒಂದು ಪೆಟ್ಟಿಗೆಯೊಳಗೆ ತಲೆ ಇಟ್ಟು ಕೂರುತ್ತಾರೆ. ಅಲ್ಲಿ ಒಳಗಿನದೆಲ್ಲ ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ. ಅವರು ಬೆರಳು ಆಡಿಸಿದರೆ ಇಲ್ಲಿ ಇಕ್ಕಳ ಆಡುತ್ತದೆ. ಅವರ ಕೈ ಸ್ವಲ್ಪ ನಡುಗಿದರೂ ಇಲ್ಲಿ ನಡುಗಲ್ಲ, ಅವರು ಮೂರಿಂಚು ಸರಿಸಿದರೆ ಇಲ್ಲಿ ಒಂದೇ ಇಂಚು ಸರಿಯುವ ಹಾಗೆ ಇಟ್ಟುಕೊಳ್ಳಬಹುದು. ಮಾಮೂಲಿ ಲ್ಯಾಪ್ರೋಸ್ಕೋಪಿ (ರೋಬೋಟ್ ಇಲ್ಲದೆ ಸಣ್ಣ ತೂತಿನಲ್ಲಿ ಮಾಡುವುದು) ಕಡ್ಡಿ ಉದ್ದ ನೇರ, ತುದಿ ಹೆಚ್ಚು ತಿರುಗಲ್ಲ. ಇದರ ತುದಿ ನಮ್ಮ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಪ್ರೊಸ್ಟೇಟ್ ಸೊಂಟದ ಮೂಳೆಗಳ ಒಳಗೆ ಇಕ್ಕಟ್ಟಿನಲ್ಲಿ ಕೂತಿರುತ್ತದಲ್ಲ, ಅದನ್ನು ತೆಗೆದ ಮೇಲೆ ಮೂತ್ರನಾಳವನ್ನು ಮತ್ತೆ ಮೂತ್ರಚೀಲಕ್ಕೆ ಹೊಲಿಯಬೇಕು. ಆ ಹೊಲಿಗೆಗೆ ಇದು ನಿಜವಾಗಿ ಅನುಕೂಲ.

ಆದರೆ ಹೊಲಿಯುವುದು ಡಾಕ್ಟರೇ. ಕೈ ಪಳಗಿದವರು ಎರಡೂವರೆ ಗಂಟೆಯಲ್ಲಿ ಮುಗಿಸುವುದನ್ನು ಹೊಸಬರು ಐದು ಗಂಟೆ ಎಳೆದದ್ದೂ ನೋಡಿದ್ದೇನೆ. ಇನ್ನೊಂದು ವಿಷಯ, ಈ ಆಪರೇಷನ್‌ನಲ್ಲಿ ತಲೆ ಕೆಳಗೆ, ಕಾಲು ಮೇಲೆ ಬರುವ ಹಾಗೆ ಬೆಡ್ ಓರೆ ಮಾಡುತ್ತಾರೆ, ಗಂಟೆಗಟ್ಟಲೆ. ಅಪ್ಪನಿಗೆ ಗ್ಲಾಕೋಮ (ಕಣ್ಣಿನ ಒತ್ತಡ), ಹಾರ್ಟ್, ಉಬ್ಬಸ ಏನಾದರೂ ಇದ್ದರೆ ಅರಿವಳಿಕೆ ಡಾಕ್ಟರಿಗೆ ಈಗಲೇ ಹೇಳಿ.

ಆಲೂರು ಹುಡುಗ
ತುಂಬಾ ಥ್ಯಾಂಕ್ಸ್ ಸಿಸ್ಟರ್. ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ಟ್ರ್ಯಾಕ್ಟರ್ ಇದ್ದ ಹಾಗೆ, ಓಡ್ಸೋನು ಬೇಕು" ಅಂದರು. ಬೀಡಿ ಸೇದುತ್ತಿದ್ದರು, ಆರು ವರ್ಷದ ಹಿಂದೆ ಬಿಟ್ಟಿದ್ದಾರೆ. ಅದನ್ನೂ ಹೇಳಬೇಕಾ?

ಥಿಯೇಟರ್ ಸಿಸ್ಟರ್
ಮರೆಯದೆ ಹೇಳಿ.

ಲೆಕ್ಕದ ಮೇಷ್ಟ್ರು
ನಾನು ಹಾಸನದಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿ ರಿಟೈರ್ ಆದವನು. ಹಾಗಾಗಿ ಆಪರೇಷನ್ ಬಿಟ್ಟು ಲೆಕ್ಕ ಮಾಡೋಣ. ಇಂಥ ದೊಡ್ಡ ರೋಬೋಟ್ ಒಂದಕ್ಕೆ 10 ಕೋಟಿ ಅಂತ ಇಟ್ಟುಕೊಳ್ಳಿ. ಏಳು ವರ್ಷ ಬಾಳಿಕೆ. ವರ್ಷಕ್ಕೆ 200 ಆಪರೇಷನ್ ಆದರೆ ಒಂದೊಂದರ ಮೇಲೆ ಬರೀ ಮಷೀನಿನ ಅಸಲು 71 ಸಾವಿರ. 100 ಆಪರೇಷನ್ ಮಾತ್ರ ಆದರೆ 1 ಲಕ್ಷ 43 ಸಾವಿರ. ಬಡ್ಡಿ, ರಿಪೇರಿ ಎಲ್ಲ ಬೇರೆ. ನಿಮ್ಮ ಒಂದೂವರೆ ಲಕ್ಷ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಮಷೀನು ಖಾಲಿ ನಿಂತಷ್ಟೂ ಆಸ್ಪತ್ರೆಗೆ ನಷ್ಟ. ನಮ್ಮ ಕಡೆ ಭತ್ತ ಕಟಾವಿಗೆ ಮಷೀನು ತರುವವರು ಊರೂರು ಫೋನ್ ಮಾಡಿ "ಕುಯ್ಲಿಗೆ ಬಂದಿದ್ಯಾ?" ಅಂತ ಕೇಳುತ್ತಾರಲ್ಲ, ಗದ್ದೆ ಇನ್ನೂ ಹಸಿರಾಗಿದ್ದರೂ ಇಳಿಸಿಬಿಡೋಣ ಅನ್ನುತ್ತಾರಲ್ಲ, ಹಾಗೆ. ಬಿ.ಎಂ. ರಸ್ತೆಯಲ್ಲಿ ಮೂರು ಹೋರ್ಡಿಂಗ್ ಎಣಿಸಿದೆ ಮೊನ್ನೆ, ಎಲ್ಲದರಲ್ಲೂ ರೋಬೋಟ್ ಕೈ. ಹರ್ನಿಯಾಗೂ ರೋಬೋಟ್ ಅಂತೆ!

ಬ್ಯಾಗ್ ಹೊತ್ತವ
ಮೇಷ್ಟ್ರೇ, ಲೆಕ್ಕ ಸರಿ ಇದೆ, ಆದರೆ ಅರ್ಧ. ನಾನು ಆಪರೇಷನ್ ಸಾಮಾನು ಮಾರುವ ಕೆಲಸದಲ್ಲಿ ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಸುತ್ತುತ್ತೇನೆ. ರೋಬೋಟ್ ಮಾರುವುದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳಬಹುದು. ಅಸಲಿ ವ್ಯಾಪಾರ ಮಷೀನಿನಲ್ಲಿ ಇಲ್ಲ.

ಡಾ ವಿಂಚಿ ಅಂತ ಕೇಳಿರುತ್ತೀರಿ. ಅಮೆರಿಕದ ಇಂಟ್ಯೂಟಿವ್ ಕಂಪನಿಯದು. 1995ರಲ್ಲಿ ಶುರುವಾದ ಕಂಪನಿ, 2000ದಲ್ಲಿ ಅಲ್ಲಿನ ಎಫ್‌ಡಿಎ (ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಒಪ್ಪಿಗೆ ಸಿಕ್ಕಿತು. ಎದುರಾಳಿ ಅಂತ ಇದ್ದ ಕಂಪ್ಯೂಟರ್ ಮೋಷನ್ ಕಂಪನಿ 2003ರಲ್ಲಿ ಇವರ ಜೊತೆಗೇ ಸೇರಿಹೋಯಿತು. ಆಮೇಲೆ ಹದಿನೈದು ವರ್ಷಕ್ಕೂ ಮೇಲೆ ಹೊಟ್ಟೆ ಆಪರೇಷನ್ ರೋಬೋಟ್ ಅಂದರೆ ಹೆಚ್ಚುಕಮ್ಮಿ ಅವರೊಬ್ಬರೇ. 2024ರ ಕೊನೆಗೆ ಲೋಕದಲ್ಲಿ ಅವರ ಮಷೀನು ಸುಮಾರು 9,900. ಆ ಒಂದೇ ವರ್ಷ ಅವುಗಳಲ್ಲಿ ಆದ ಆಪರೇಷನ್ 26 ಲಕ್ಷಕ್ಕೂ ಜಾಸ್ತಿ. ಕಂಪನಿಗೆ ಬಂದ ವರಮಾನ 800 ಕೋಟಿ ಡಾಲರ್ ದಾಟಿದೆ. ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಮತ್ತೆ ಮತ್ತೆ ಬರುವ ದುಡ್ಡು. ಅಂದರೆ ಇಕ್ಕಳ, ಕತ್ತರಿ, ಚೀಲ, ಸರ್ವಿಸ್, ಬಾಡಿಗೆ.

ಹಾಲು ಕರೆಯುವ ಮಷೀನು ತಂದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಮಷೀನು ಒಂದು ಸಲ ತರುತ್ತೀರಿ, ರಬ್ಬರ್ ಲೈನರ್ ಆಗಾಗ ತರಲೇಬೇಕು. ವ್ಯತ್ಯಾಸ ಏನು ಅಂದರೆ ಲೈನರ್ ಇನ್ನೂ ಚೆನ್ನಾಗಿದ್ದರೆ ಇನ್ನೆರಡು ತಿಂಗಳು ದೂಡಬಹುದು. ಇಲ್ಲಿ ಆಗಲ್ಲ. ಒಂದೊಂದು ಇಕ್ಕಳದೊಳಗೂ ಚಿಪ್ ಇದೆ, ಎಷ್ಟು ಸಲ ಬಳಸಿದಿರಿ ಅಂತ ಎಣಿಸುತ್ತದೆ. ಮೊದಲು ಹೆಚ್ಚಿನವಕ್ಕೆ 10 ಸಲ ಅಂತ ಇತ್ತು, 2020ರಲ್ಲಿ ಕೆಲವನ್ನು 12ರಿಂದ 18ಕ್ಕೆ ಏರಿಸಿದರು. ಹಳೇ ಇಕ್ಕಳ ಸರಿಮಾಡಿ ಎಣಿಕೆ ಮತ್ತೆ ಶುರು ಮಾಡಿಕೊಡುತ್ತೇವೆ ಅಂತ ಹೊರಟ ಅಲ್ಲಿನ ಸಣ್ಣ ಕಂಪನಿಗಳು ಕೋರ್ಟ್‌ವರೆಗೂ ಹೋದವು.

ಥಿಯೇಟರ್ ಸಿಸ್ಟರ್
ಇದು ನಿಜ. ಪರದೆ ಮೇಲೆ ಇನ್ನೆಷ್ಟು ಬಾಕಿ ಅಂತ ತೋರಿಸುತ್ತದೆ. ಸೊನ್ನೆ ಬಂದ ಮೇಲೆ ಕತ್ತರಿ ಎಷ್ಟೇ ಹರಿತವಾಗಿದ್ದರೂ ಮಷೀನು ಅದನ್ನು ಸೇರಿಸಿಕೊಳ್ಳುವುದಿಲ್ಲ. ಪೆಟ್ಟಿಗೆಯಿಂದ ಹೊಸದು ತೆಗೆಯಬೇಕು. ಒಮ್ಮೆ ಸೊನ್ನೆಯಾದ ಒಂದು ಕತ್ತರಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದೆ, ನಮ್ಮ ಮನೆಯ ಕತ್ತರಿಗಿಂತ ಚೆನ್ನಾಗಿತ್ತು.

ಮೂಡಿಗೆರೆ ಮಳೆ
ಹಾಗಾದರೆ ಎದುರಾಳಿ ಬಂದರೆ ರೇಟು ಇಳಿಯಬೇಕಲ್ವಾ? ನಮ್ಮ ದೇಶದವರೂ ಮಾಡಿದ್ದಾರೆ ಅಂತ ಓದಿದ್ದೆ.

ಬ್ಯಾಗ್ ಹೊತ್ತವ
ಬಂದಿದ್ದಾರೆ. ಹಳೆಯ ಪೇಟೆಂಟ್‌ಗಳು ಒಂದೊಂದಾಗಿ ಮುಗಿದ ಮೇಲೆ ದಾರಿ ಬಿಟ್ಟಿತು. ಮೆಡ್‌ಟ್ರಾನಿಕ್‌ನವರ ಹ್ಯೂಗೋ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವರ್ಸಿಯಸ್. ನಮ್ಮದು ಅಂದರೆ ಗುರುಗ್ರಾಮದ ಎಸ್‌ಎಸ್ ಇನ್ನೋವೇಷನ್ಸ್ ಮಾಡಿದ ಮಂತ್ರ. ಹಾರ್ಟ್ ಸರ್ಜನ್ ಡಾ. ಸುಧೀರ್ ಶ್ರೀವಾಸ್ತವ ಕಟ್ಟಿದ ಕಂಪನಿ. ಅದರಲ್ಲಿ ಡಾಕ್ಟರು ಪೆಟ್ಟಿಗೆಯೊಳಗೆ ತಲೆ ಇಡಬೇಕಿಲ್ಲ, 3ಡಿ ಕನ್ನಡಕ ಹಾಕಿಕೊಂಡು ದೊಡ್ಡ ಪರದೆ ನೋಡುತ್ತಾ ಮಾಡಬಹುದು. ಮಷೀನಿನ ಬೆಲೆಯೂ ಡಾ ವಿಂಚಿಗಿಂತ ಕಮ್ಮಿ. ಆದರೆ ಆಸ್ಪತ್ರೆಗೆ ಕಮ್ಮಿಗೆ ಸಿಕ್ಕಿದ್ದು ಪೇಷಂಟ್‌ಗೆ ಕಮ್ಮಿ ಆಗಿಯೇ ಆಗುತ್ತದೆ ಅಂತ ಏನಿಲ್ಲ. ಕಾಫಿ ಬೀಜದ ರೇಟು ಬಿದ್ದಾಗ ಹೋಟೆಲ್ ಕಾಫಿ ರೇಟು ಬಿದ್ದಿದ್ದು ಯಾರಾದರೂ ನೋಡಿದ್ದೀರಾ?

ಮೂಡಿಗೆರೆ ಮಳೆ
ಅಯ್ಯೋ, ಆ ಗಾಯಕ್ಕೆ ಉಪ್ಪು ಹಾಕಬೇಡಿ.

ದೂರದಿಂದ ಮಾಡುವುದರ ಕಥೆ ಏನು? ನನಗೆ ಅದೇ ಆಸೆ. 2001ರಲ್ಲೇ ಜಾಕ್ ಮರೆಸ್ಕೊ ಅನ್ನುವ ಸರ್ಜನ್ ನ್ಯೂಯಾರ್ಕ್‌ನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶ ತೆಗೆದಿದ್ದರು. 2025ರ ಜನವರಿಯಲ್ಲಿ ಇದೇ ಮಂತ್ರದಲ್ಲಿ ಗುರುಗ್ರಾಮದಿಂದ 286 ಕಿ.ಮೀ. ದೂರದ ಜೈಪುರದಲ್ಲಿದ್ದ ಪೇಷಂಟ್‌ಗೆ ಹಾರ್ಟ್ ಆಪರೇಷನ್ ಮಾಡಿದರು. ನಮಗೆ ಬೆಂಗಳೂರು ಅದಕ್ಕಿಂತ ಹತ್ತಿರ! ಮಳೆಗಾಲದಲ್ಲಿ ಚಾರ್ಮಾಡಿ ಕುಸಿದು, ಶಿರಾಡಿಯಲ್ಲಿ ಟ್ರಾಫಿಕ್ ನಿಂತು, ಆಂಬುಲೆನ್ಸ್‌ನಲ್ಲಿ ಕೂತವರಿಗೆ ಗೊತ್ತು ಮಂಗಳೂರು ಎಷ್ಟು ದೂರ ಅಂತ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಮಷೀನು ಇಟ್ಟು ಬೆಂಗಳೂರಿನವರೇ ಅಲ್ಲಿಂದ ಮಾಡಿದರೆ ಆಗಲ್ವಾ?

ಕತ್ತರಿ ಡಾಕ್ಟ್ರು
ಚಿಕ್ಕಮಗಳೂರಿನಲ್ಲಿ ಜನರಲ್ ಸರ್ಜನ್ ನಾನು. ರೋಬೋಟ್ ಮುಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಡಿಗೆರೆಯವರೇ, ದೂರದಿಂದ ಮಾಡುವಾಗಲೂ ಪೇಷಂಟ್ ಪಕ್ಕ ಒಬ್ಬ ಸರ್ಜನ್, ಒಬ್ಬ ಅರಿವಳಿಕೆ ಡಾಕ್ಟರು, ಪಳಗಿದ ಸಿಸ್ಟರ್‌ಗಳು ಇರಲೇಬೇಕು. ರಕ್ತ ಚಿಮ್ಮಿದರೆ, ಲೈನ್ ಕಟ್ಟಾದರೆ, ಕೈಗಳನ್ನು ಬಿಚ್ಚಿ ಹೊಟ್ಟೆ ತೆರೆಯುವವನು ಅಲ್ಲೇ ಇರಬೇಕು. ಅಷ್ಟು ಜನ ಜಿಲ್ಲೆಯಲ್ಲಿ ಉಳಿಯುವ ಹಾಗಿದ್ದರೆ ಅರ್ಧ ಕೇಸು ಬೆಂಗಳೂರಿಗೆ ಹೋಗುತ್ತಲೇ ಇರಲಿಲ್ಲ. ಜೊತೆಗೆ ನಿಮ್ಮ ತೋಟದಲ್ಲಿ ನೆಟ್‌ವರ್ಕ್ ಬರುತ್ತದಾ?

ಮೂಡಿಗೆರೆ ಮಳೆ
ಗೇಟಿನ ಹತ್ತಿರ, ಹಲಸಿನ ಮರದ ಕೆಳಗೆ ನಿಂತರೆ ಒಂದು ಕಡ್ಡಿ.

ಕತ್ತರಿ ಡಾಕ್ಟ್ರು
ಆಲೂರಿನ ತಮ್ಮಾ, ನಿನ್ನ ಪ್ರಶ್ನೆಗೆ ಬರುತ್ತೇನೆ. ಪ್ರೊಸ್ಟೇಟ್ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಅರ್ಧದಷ್ಟು ಜನಕ್ಕೆ ಓಪನ್, ಉಳಿದವರಿಗೆ ರೋಬೋಟ್ ಮಾಡಿದರು. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ನಂತರ ಮೂತ್ರ ಹಿಡಿತಕ್ಕೆ ಬರುವುದರಲ್ಲಿ, ಗಂಡಸುತನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರೋಬೋಟ್‌ನಲ್ಲಿ ರಕ್ತ ಹೋಗಿದ್ದು ಕಮ್ಮಿ, ಮನೆಗೆ ಹೋಗಿದ್ದು ಬೇಗ. ಅಂದರೆ ಸುಳ್ಳು ಲಾಭ ಅಲ್ಲ, ಆದರೆ ಹೋರ್ಡಿಂಗ್‌ನಲ್ಲಿ ಹೇಳುವಷ್ಟೂ ಅಲ್ಲ. ಗುದನಾಳದ ಕ್ಯಾನ್ಸರ್‌ಗೆ 471 ಜನರ ಮೇಲೆ ರೋಬೋಟ್ ಮತ್ತು ಲ್ಯಾಪ್ರೋಸ್ಕೋಪಿ ಹೋಲಿಸಿ ನೋಡಿದ್ದು 2017ರಲ್ಲಿ ಬಂತು, ಅಲ್ಲಿಯೂ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದದ್ದರಲ್ಲಿ ದೊಡ್ಡ ಅಂತರ ಸಿಗಲಿಲ್ಲ.

ಹೆಂಗಸರ ವಿಷಯ ಇನ್ನೂ ಗಂಭೀರ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದಾಗ ಸಣ್ಣ ತೂತು ಮಾಡಿ ಗರ್ಭಕೋಶ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ಮರಳಿ ಬಂದದ್ದು ಓಪನ್ ಮಾಡಿಸಿದವರಿಗಿಂತ ಜಾಸ್ತಿ, ಸಾವೂ ಜಾಸ್ತಿ ಅಂತ 2018ರಲ್ಲಿ ಒಂದು ಅಧ್ಯಯನ ಹೇಳಿತು. ಅದರಲ್ಲಿ ಹೆಚ್ಚಿನವು ಲ್ಯಾಪ್ರೋಸ್ಕೋಪಿ, ಕೆಲವು ರೋಬೋಟ್. 2019ರಲ್ಲಿ ಅಮೆರಿಕದ ಎಫ್‌ಡಿಎ ಕೂಡ ಎಚ್ಚರಿಕೆ ಕೊಟ್ಟಿತು. ಸಣ್ಣ ತೂತು ನೋಡಿ ಖುಷಿಪಟ್ಟವರೆಲ್ಲ, ನಾನೂ ಸೇರಿ, ಅವತ್ತು ಸುಮ್ಮನಾದೆವು.

ಡಾಕ್ಟರ ಎದುರು ಕೂತಾಗ ಕೇಳು. "ಸರ್, ಈ ಆಪರೇಷನ್ ನೀವೇ ಎಷ್ಟು ಮಾಡಿದ್ದೀರಿ, ರೋಬೋಟ್‌ನಲ್ಲಿ ಎಷ್ಟು, ಓಪನ್ ಎಷ್ಟು? ರೋಬೋಟ್ ಬೇಡ ಅಂದರೆ ನೀವೇ ಮಾಡ್ತೀರಾ?" ಕೊನೆಯ ಪ್ರಶ್ನೆಗೆ ಅವರ ಮುಖ ನೋಡು.

ಕಡೂರು ಬಯಲು
ನಮ್ಮಮ್ಮನ ಎರಡೂ ಮಂಡಿ ರೋಬೋಟ್‌ನಲ್ಲೇ ಆಯಿತು, ಹೋದ ವರ್ಷ. ಈಗ ಅಮ್ಮ ಸಂತೆಗೆ ನಡೆದೇ ಹೋಗುತ್ತಾರೆ. ಸುಮ್ನೆ ಎಲ್ಲದಕ್ಕೂ ಕೊಂಕು ಹುಡುಕಬೇಡಿ.

ಕತ್ತರಿ ಡಾಕ್ಟ್ರು
ಸಂತೋಷ ಕಣಮ್ಮ. ಆದರೆ ಮಂಡಿ ರೋಬೋಟ್ ಬೇರೆ ಜಾತಿ. ಸಾಮಾನ್ಯವಾಗಿ ಮೊದಲೇ ಸ್ಕ್ಯಾನ್ ತೆಗೆದು ಮೂಳೆ ಎಲ್ಲಿ ಎಷ್ಟು ಕೊಯ್ಯಬೇಕು ಅಂತ ಗೆರೆ ಹಾಕಿಕೊಂಡಿರುತ್ತಾರೆ, ಗರಗಸ ಆ ಗೆರೆ ದಾಟದ ಹಾಗೆ ಯಂತ್ರದ ಕೈ ತಡೆಯುತ್ತದೆ. ಅಳತೆ ನಿಖರ ಬರುತ್ತದೆ, ಒಪ್ಪುತ್ತೇನೆ. ರೋಬೋಟ್ ಇಲ್ಲದೆ ಮಾಡಿಸಿಕೊಂಡ ನಮ್ಮ ಅತ್ತೆಯೂ ಹತ್ತು ವರ್ಷದಿಂದ ನಡೆಯುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು
ಮಂಡಿ ವಿಷಯ ಬಂತು ಅಂತ ಇನ್ನೊಂದು ಲೆಕ್ಕ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಬೆಲೆ ಕಟ್ಟಿತು. ಅದಕ್ಕೆ ಮುಂಚೆ ಒಂದೂವರೆ ಲಕ್ಷ ಹೇಳುತ್ತಿದ್ದ ಮಾಮೂಲಿ ಮಂಡಿ ಸುಮಾರು 55 ಸಾವಿರಕ್ಕೆ ಇಳಿಯಿತು. ಮಂಡಿಗೆ ಮಿತಿ ಬಂತು, ರೋಬೋಟ್ ಚಾರ್ಜ್‌ಗೆ ಮಿತಿ ಇಲ್ಲ. ಆಮೇಲಿಂದ ಹೋರ್ಡಿಂಗ್ ಜಾಸ್ತಿ ಆದದ್ದು ಕಾಕತಾಳೀಯ ಇರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ, ಅದು ನನ್ನ ಅನುಮಾನ ಅಷ್ಟೇ.

ಕಡೂರು ಬಯಲು
ಅನುಮಾನ ನಿಮ್ಮ ಹತ್ತಿರವೇ ಇರಲಿ ಸರ್. ಆಲೂರಿನವರೇ, ನಿಮ್ಮ ಇನ್ಶೂರೆನ್ಸ್ ಇದ್ದರೆ ಮೊದಲು ಪಾಲಿಸಿ ಓದಿ. 2019ರ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ರೋಬೋಟಿಕ್ ಸರ್ಜರಿಯನ್ನು ಕಂಪನಿಗಳು ಪೂರ್ತಿ ಹೊರಗಿಡುವ ಹಾಗಿಲ್ಲ. ಆದರೆ ಇಷ್ಟರವರೆಗೆ ಮಾತ್ರ ಅಂತ ಮಿತಿ ಹಾಕಬಹುದು. ನಮಗೆ ಡಿಸ್ಚಾರ್ಜ್ ದಿನ ಗೊತ್ತಾಯಿತು. ಸಂಜೆ ಆರರವರೆಗೆ ಬಿಲ್ ಕೌಂಟರ್‌ನಲ್ಲಿ ಕೂತು ಅಣ್ಣನ ಹತ್ತಿರ ದುಡ್ಡು ತರಿಸಿಕೊಂಡೆವು.

ಆಲೂರು ಹುಡುಗ
ಅಕ್ಕಾ, ನೀವು ಹೇಳಿದ್ದಕ್ಕೆ ಪಾಲಿಸಿ ತೆಗೆದು ನೋಡಿದೆ. 5 ಲಕ್ಷದ್ದು. ಹದಿನೇಳನೇ ಪುಟದಲ್ಲಿ, ಇರುವೆ ಅಕ್ಷರದಲ್ಲಿ, ರೋಬೋಟಿಕ್ ಸರ್ಜರಿಗೆ ವಿಮಾ ಮೊತ್ತದ ಅರ್ಧ ಅಂತ ಇದೆ. ಫೋನ್ ಮಾಡಿ ಕೇಳಿದೆ, ಬರೀ ರೋಬೋಟ್ ಚಾರ್ಜ್‌ಗೆ ಅಲ್ಲ, ಇಡೀ ಬಿಲ್ಲಿಗೇ ಆ ಮಿತಿ. ಅಂದರೆ ಓಪನ್ ಮಾಡಿಸಿದರೆ 2,90,000 ಪೂರ್ತಿ ಅವರೇ ಕೊಡುತ್ತಾರೆ. ರೋಬೋಟ್ ಆದರೆ ಎರಡೂವರೆ ಲಕ್ಷ ಅವರದು, 1,90,000 ನಮ್ಮದು.

ಲೆಕ್ಕದ ಮೇಷ್ಟ್ರು
ಹಾಗಾದರೆ ಪ್ರಶ್ನೆ ಒಂದೂವರೆ ಲಕ್ಷದ್ದಲ್ಲ, ಒಂದು ಲಕ್ಷ ತೊಂಬತ್ತು ಸಾವಿರದ್ದು. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೂ ರೋಬೋಟ್ ಇದೆ, ಅಲ್ಲೂ ಒಮ್ಮೆ ವಿಚಾರಿಸಿ.

ಹೊಳೆನರಸೀಪುರ ಲೋಕಲ್
ಓಪನ್ ಮಾಡಿಸಿ ಅಣ್ಣ. ಮೊದಲು ಹೇಳಿದ್ದು ವಾಪಸ್.

ಆಲೂರು ಹುಡುಗ
ನಿನ್ನೆ ಡಾಕ್ಟರನ್ನು ಮತ್ತೆ ನೋಡಿ ಬಂದೆವು. ಬೆಳಿಗ್ಗೆ ಟ್ರೈನ್‌ಗೆ ಹೋಗಿ ರಾತ್ರಿ ವಾಪಸ್. ಕತ್ತರಿ ಡಾಕ್ಟ್ರು ಹೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಬೈಯುತ್ತಾರೇನೋ ಅಂತ ಹೆದರಿದ್ದೆ, ಬೈಯಲಿಲ್ಲ. ನಲವತ್ತರ ಆಸುಪಾಸಿನ ಡಾಕ್ಟರು. ರೋಬೋಟ್‌ನಲ್ಲಿ ಮುನ್ನೂರರ ಹತ್ತಿರ ಮಾಡಿದ್ದಾರಂತೆ. ಓಪನ್ ಎಷ್ಟು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜ ಹೇಳ್ತೀನಿ, ಓದುವಾಗ ಮಾಡಿದ್ದು ಹತ್ತೋ ಹದಿನೈದೋ. ನಾಲ್ಕು ವರ್ಷದಿಂದ ಒಂದೂ ಮಾಡಿಲ್ಲ. ಓಪನ್ ಬೇಕು ಅಂದ್ರೆ ನಮ್ಮ ಸೀನಿಯರ್ ಒಬ್ಬರು ತಿಂಗಳಿಗೆ ಎರಡು ದಿನ ಬರ್ತಾರೆ, ಅವರಿಗೆ ಹೇಳ್ತೀನಿ. ನನ್ನ ಕೈ ಈಗ ಇದಕ್ಕೇ ಒಗ್ಗಿದೆ" ಅಂದರು.

ಟ್ರೈನ್‌ನಲ್ಲಿ ಇದೇ ಯೋಚನೆ. ಓಪನ್‌ಗೆ ದುಡ್ಡು ಕಮ್ಮಿ, ಆದರೆ ಮಾಡುವ ಕೈ ಎಲ್ಲಿದೆ?

ಕತ್ತರಿ ಡಾಕ್ಟ್ರು
ಆ ಡಾಕ್ಟರನ್ನು ಬಿಡಬೇಡ. ಹಾಗೆ ಬಾಯಿಬಿಟ್ಟು ಹೇಳುವವರು ಕಮ್ಮಿ.

ನನಗೆ ಹೊಟ್ಟೆ ಉರಿಯುವ ವಿಷಯವೂ ಇದೇ. ನಮ್ಮ ಕಾಲದಲ್ಲಿ ಪಿತ್ತಕೋಶ ಓಪನ್ ಮಾಡಿ ಕಲಿತೆವು, ಆಮೇಲೆ ಲ್ಯಾಪ್ರೋಸ್ಕೋಪಿ ಬಂತು. ಈಗ ಲ್ಯಾಪ್ರೋಸ್ಕೋಪಿ ಕಲಿತ ಹುಡುಗರಿಗೆ ಓಪನ್ ಪಿತ್ತಕೋಶ ಕೊಟ್ಟರೆ ಬೆವರುತ್ತಾರೆ. ಪ್ರೊಸ್ಟೇಟ್‌ನಲ್ಲಿ ಅದೇ ಕಥೆ ಇನ್ನೂ ಬೇಗ ಆಗಿದೆ, ಯಾಕೆಂದರೆ ಅಲ್ಲಿ ಲ್ಯಾಪ್ರೋಸ್ಕೋಪಿ ತುಂಬಾ ಕಷ್ಟ, ರೋಬೋಟ್ ಬಂದ ತಕ್ಷಣ ಎಲ್ಲರೂ ಅದಕ್ಕೇ ಹಾರಿದರು. ಇನ್ನು ಹತ್ತು ವರ್ಷಕ್ಕೆ "ರೋಬೋಟ್ ಬೇಕಾ ಬೇಡವಾ" ಅಂತ ಕೇಳುವ ಅವಕಾಶವೇ ಪೇಷಂಟ್‌ಗೆ ಇರಲಿಕ್ಕಿಲ್ಲ. ಮಾಡುವವರೆಲ್ಲ ಅದರಲ್ಲೇ ಕಲಿತಿರುತ್ತಾರೆ. ರೇಟು ಅವಾಗ ಯಾರು ಹೇಳಿದ್ದು ಆಗುತ್ತದೋ.

ಬ್ಯಾಗ್ ಹೊತ್ತವ
ಡಾಕ್ಟ್ರೇ, ಕಂಪನಿಯವರು ಮೆಡಿಕಲ್ ಕಾಲೇಜುಗಳಿಗೆ ತರಬೇತಿ ಮಷೀನು ಯಾಕೆ ಕಳಿಸುತ್ತಾರೆ ಅಂತ ಅಂದುಕೊಂಡಿದ್ದೀರಿ?

ಆಲೂರಿನವರೇ, ಒಂದು ಕೆಲಸ ಮಾಡಿ. ಪ್ಯಾಕೇಜ್ ಬಗ್ಗೆ ಬಿಲ್ಲಿಂಗ್ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ, ಕೌಂಟರ್‌ನಲ್ಲಿ ಬೇಡ. ರೋಬೋಟ್ ಚಾರ್ಜ್, ಇಕ್ಕಳದ ಚಾರ್ಜ್ ಬೇರೆ ಬೇರೆ ಬರೆಸಿಕೊಳ್ಳಿ. ಬರೆದು ಕೊಡಿ ಅಂದ ತಕ್ಷಣ ಸ್ವಲ್ಪ ಇಳಿಯುತ್ತದೆ.

ಆಲೂರು ಹುಡುಗ
ಮೂರು ವಾರ ಆಯಿತು, ಎಲ್ಲರಿಗೂ ತಿಳಿಸಲೇ ಇಲ್ಲ, ಕ್ಷಮಿಸಿ. ಅದೇ ಡಾಕ್ಟರ ಹತ್ತಿರ ರೋಬೋಟ್‌ನಲ್ಲೇ ಆಯಿತು. ಬರೆದು ಕೊಡಿ ಅಂದಿದ್ದಕ್ಕೆ 4,10,000ಕ್ಕೆ ಬಂದರು. ಕೈಯಿಂದ 1,60,000 ಹಾಕಿದ್ದೇವೆ, ಸೊಸೈಟಿಯಲ್ಲಿ ಸ್ವಲ್ಪ ಸಾಲ. ತೆಗೆದ ಪ್ರೊಸ್ಟೇಟ್‌ನ ಬಯಾಪ್ಸಿ ರಿಪೋರ್ಟ್ ಒಳ್ಳೆಯದಿದೆ, ಅಂಚಿನಲ್ಲಿ ಕ್ಯಾನ್ಸರ್ ಏನೂ ಇಲ್ಲವಂತೆ. ಮೂರನೇ ದಿನ ಮನೆಗೆ ಕಳಿಸಿದರು, ಮೂತ್ರದ ಟ್ಯೂಬ್ ಹತ್ತನೇ ದಿನ ತೆಗೆದರು. ಮೂತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಪ್ಯಾಡ್ ಹಾಕುತ್ತಾರೆ, ಅದಕ್ಕೆ ಮಾತ್ರ ಬೇಜಾರು. ವ್ಯಾಯಾಮ ಹೇಳಿಕೊಟ್ಟಿದ್ದಾರೆ, ದನದ ಕೊಟ್ಟಿಗೆ ಕಟ್ಟೆ ಮೇಲೆ ಕೂತು ಮಾಡುತ್ತಾರೆ.

ಒಳಗೆ ಕರೆದುಕೊಂಡು ಹೋದಾಗ ಅಪ್ಪನಿಗೆ ಇನ್ನೂ ಎಚ್ಚರ ಇತ್ತಂತೆ, ರೋಬೋಟ್ ನೋಡಿದರಂತೆ. "ಜೋಳದ ಹೊಲದ ಬೆದರುಬೊಂಬೆಗೆ ಮಳೆಗೆ ಅಂತ ಪ್ಲಾಸ್ಟಿಕ್ ಸುತ್ತಿದ ಹಾಗಿತ್ತು" ಅಂದರು. ಸಿಸ್ಟರ್, ನೀವು ಹೇಳಿದ ಚೀಲ ಅದೇ ಇರಬೇಕು.

ಮೊನ್ನೆ ಪಕ್ಕದ ಮನೆ ದೊಡ್ಡಪ್ಪ ನೋಡಲು ಬಂದಿದ್ದರು. ಅಪ್ಪ ಅಂಗಿ ಎತ್ತಿ ಒಂದೊಂದೇ ಗಾಯ ತೋರಿಸಿ ಎಣಿಸಿದರು. ಓಪನ್‌ಗಿಂತ ಜಾಸ್ತಿ ಆದದ್ದು ಒಂದು ಲಕ್ಷ ಇಪ್ಪತ್ತು ಸಾವಿರ, ತೂತು ಆರು. "ನೋಡು, ತೂತಿಗೆ ಇಪ್ಪತ್ತು ಸಾವಿರ. ನಮ್ಮ ಬೋರ್‌ವೆಲ್‌ನವನೇ ವಾಸಿ, ಅಡಿ ಲೆಕ್ಕ ಹಾಕ್ತಾನೆ" ಅಂದರು.